ಆರೋಗ್ಯವಂತರಿಗೆ ಆ್ಯಂಟಿಆಕ್ಸಿಡೆಂಟ್ ಮಾತ್ರೆ ಬೇಕೆ?

ಉಸಿರಾಡಿದ ಆಮ್ಲಜನಕದಿಂದ ದೇಹದೊಳಗೆ ಚುರುಕು ಕಣಗಳು ಹುಟ್ಟುತ್ತಲೇ ಇರುತ್ತವೆ. ಅವನ್ನು ತಣಿಸುವ ವ್ಯವಸ್ಥೆಯೂ ದೇಹದಲ್ಲಿದೆ. ಆ ವ್ಯವಸ್ಥೆಯ ಅಳವು ಮೀರಿ ಕಣಗಳು ಹೆಚ್ಚಿದರೆ ಅದು ಉತ್ಕರ್ಷಣ ಒತ್ತಡ. ಜರ್ಮನಿಯ ಜೀವರಸಾಯನ ವಿಜ್ಞಾನಿ ಹೆಲ್ಮುಟ್ ಸೀಸ್ 1985ರಲ್ಲಿ ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಹೆಸರಿಟ್ಟರು. ಪ್ರಯೋಗಾಲಯದಲ್ಲಿ ಹುಟ್ಟಿದ ಆ ಹೆಸರು ಈಗ ಔಷಧಿ ಅಂಗಡಿಯ ಡಬ್ಬಿಗಳ ಮೇಲೆ, ಜಾಹೀರಾತುಗಳಲ್ಲಿ, ಮನೆ ಬಾಗಿಲಿಗೆ ಬಂದು ಮಾತ್ರೆ ಮಾರುವವರ ಬಾಯಲ್ಲಿ ಕೇಳಿಬರುತ್ತಿದೆ. ಅರಿಶಿನ, ಅಶ್ವಗಂಧ, ಅಮೃತಬಳ್ಳಿ, ನೆಲ್ಲಿ, ಹಸಿರು ಚಹಾ, ಹಸಿರು ಕಾಫಿ ಮೊದಲಾದವುಗಳ ಸಾರ ತುಂಬಿದ ಕ್ಯಾಪ್ಸೂಲುಗಳು ಈ ಒತ್ತಡವನ್ನು ಇಳಿಸಿ ಮುಪ್ಪನ್ನು ಮುಂದೂಡುತ್ತವೆ ಎಂಬುದು ಮಾರುವವರ ಮಾತು. ಕಾಯಿಲೆ ಇರುವವರ ವಿಷಯ ಬೇರೆ. ಯಾವ ಕಾಯಿಲೆಯೂ ಇಲ್ಲದೆ ಹೊತ್ತಿಗೆ ಉಂಡು ದುಡಿಯುವ ವಯಸ್ಕರಿಗೆ ಇವುಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಇಂದು ಸಾಕಷ್ಟು ಗಟ್ಟಿಯಾದ ಉತ್ತರವಿದೆ.

ಉತ್ಕರ್ಷಣ ಎಂಬ ಪದ ಪಠ್ಯಪುಸ್ತಕದ್ದಾದರೂ ಕ್ರಿಯೆ ಅಡುಗೆಮನೆಗೆ ಹಳೆಯದು. ಹೆಚ್ಚಿದ ಬಾಳೆದಿಂಡು ಗಾಳಿ ತಾಗಿ ಕಪ್ಪಾಗುತ್ತದೆಂದೇ ಅದನ್ನು ಮಜ್ಜಿಗೆ ನೀರಿಗೆ ಹಾಕುತ್ತಾರೆ. ಬಹಳ ದಿನ ಬಿಸಿಲು ಗಾಳಿಗೆ ಬಿಟ್ಟ ಕಡಲೆಕಾಯಿ ಎಣ್ಣೆಗೆ ಕಮಟು ಹತ್ತುವುದು ಅದರ ಕೊಬ್ಬಿನಂಶದೊಡನೆ ಆಮ್ಲಜನಕ ಕೂಡಿದ್ದರಿಂದ. ಮನುಷ್ಯನ ಜೀವಕೋಶಗಳ ಪೊರೆಯಲ್ಲೂ ಅಂಥದೇ ಕೊಬ್ಬಿದೆ, ಅದಕ್ಕೂ ಕಮಟು ಹತ್ತಬಲ್ಲದು. ಆಹಾರದಲ್ಲಿ ಕಮಟನ್ನು ಅಳೆಯಲು ಬಳಸುತ್ತಿದ್ದ ಟಿಬಿಎ ಎಂಬ ರಾಸಾಯನಿಕ ಪರೀಕ್ಷೆಯನ್ನೇ ಮುಂದೆ ಮನುಷ್ಯರ ರಕ್ತಕ್ಕೂ ಹಚ್ಚಿದರು. ಮಾತ್ರೆ ತಿಂದವರ ಉತ್ಕರ್ಷಣ ಒತ್ತಡ ಇಷ್ಟು ಶೇಕಡ ಇಳಿಯಿತು ಎಂಬ ಹೇಳಿಕೆಗಳಲ್ಲಿ ಹಲವು ನಿಂತಿರುವುದು ಈ ಪರೀಕ್ಷೆಯ ಮೇಲೆ. ರಕ್ತದಲ್ಲಿರುವ ಬೇರೆ ವಸ್ತುಗಳೊಂದಿಗೂ ಅದು ಬಣ್ಣ ಕೊಡುತ್ತದೆ. ಆದ್ದರಿಂದ ಅದರ ಅಂಕಿಯೊಂದನ್ನೇ ನಂಬಿ ತೀರ್ಮಾನ ಮಾಡುವಂತಿಲ್ಲ.

ಈ ಚುರುಕು ಕಣಗಳಲ್ಲಿ ಹಲವು ಹುಟ್ಟುವುದು ಜೀವಕೋಶದ ಒಲೆಯಾದ ಮೈಟೊಕಾಂಡ್ರಿಯದಲ್ಲಿ. ಅನ್ನದ ಶಕ್ತಿಯನ್ನು ಆಮ್ಲಜನಕದ ನೆರವಿನಿಂದ ಬಿಡಿಸಿಕೊಳ್ಳುವಾಗ ಒಂದಿಷ್ಟು ಆಮ್ಲಜನಕ ಅರೆಬರೆ ಕ್ರಿಯೆಗೆ ಒಳಗಾಗಿ ಸೂಪರ್‌ಆಕ್ಸೈಡ್ ಆಗುತ್ತದೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತ ಇಂಥ ಕಣಗಳಿಗೆ ಫ್ರೀ ರ‍್ಯಾಡಿಕಲ್ ಎಂದು ಹೆಸರು. ಅಮೆರಿಕದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ಸೂಪರ್‌ಆಕ್ಸೈಡನ್ನು ಹೈಡ್ರೊಜನ್ ಪೆರಾಕ್ಸೈಡ್ ಆಗಿಸುವ ಕಿಣ್ವವನ್ನು, ಅಂದರೆ ಸೂಪರ್‌ಆಕ್ಸೈಡ್ ಡಿಸ್ಮುಟೇಸನ್ನು ಕಂಡುಹಿಡಿದರು. ಆ ಪೆರಾಕ್ಸೈಡನ್ನು ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವ ನೀರಾಗಿ ಒಡೆಯುತ್ತದೆ. ಇವುಗಳ ಜೊತೆಗೆ ದೇಹವೇ ತಯಾರಿಸಿಕೊಳ್ಳುವ ಗ್ಲುಟಾಥಯೋನ್ ಇದೆ. ಕೀಲುನೋವಿನ ಕಾರಣಕ್ಕೆ ಕೆಟ್ಟ ಹೆಸರು ಪಡೆದ ಯೂರಿಕ್ ಆಮ್ಲ ಕೂಡ ರಕ್ತದ ದೊಡ್ಡ ಉತ್ಕರ್ಷಣ ನಿರೋಧಕ, ಅಂದರೆ ಆ್ಯಂಟಿಆಕ್ಸಿಡೆಂಟ್. ಮಾತ್ರೆಯ ಡಬ್ಬಿಗಳು ಹೇಳದೆ ಬಿಡುವ ಸಂಗತಿ ಇದು. ಆರೋಗ್ಯವಂತ ದೇಹ ರಕ್ಷಣೆಯಿಲ್ಲದೆ ಮಳೆಗೆ ಬಿದ್ದ ಕಬ್ಬಿಣದ ತುಂಡಲ್ಲ. ಅದರ ಕಾವಲು ಅದರೊಳಗೇ ಹಗಲಿರುಳು ನಡೆದಿರುತ್ತದೆ.

ಈ ಕಣಗಳನ್ನು ದೇಹ ಬೇಕೆಂದೇ ತಯಾರಿಸುವುದೂ ಉಂಟು. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಅದನ್ನು ಕೊಲ್ಲಲು ಸೂಪರ್‌ಆಕ್ಸೈಡನ್ನೇ ಆಯುಧ ಮಾಡಿಕೊಳ್ಳುತ್ತದೆ. ಹುಟ್ಟಿನಿಂದಲೇ ಈ ಶಕ್ತಿಯಿಲ್ಲದ ಮಕ್ಕಳು ಪದೇ ಪದೇ ಸೋಂಕಿಗೆ ಬಿದ್ದು ನರಳುತ್ತಾರೆ. ಸ್ನಾಯು ದುಡಿದಾಗ ಹೊಮ್ಮುವ ಕಣಗಳು ಇನ್ನಷ್ಟು ಬಲಗೊಳ್ಳಬೇಕೆಂಬ ಸಂದೇಶವನ್ನು ಆ ಸ್ನಾಯುವಿಗೇ ಮುಟ್ಟಿಸುತ್ತವೆ. ಹೀಗಾಗಿ ಇವನ್ನು ಬರಿಯ ಶತ್ರುಗಳೆಂದು ಚಿತ್ರಿಸುವುದು ತಪ್ಪು.

ಆ ಚಿತ್ರ ಹುಟ್ಟಿದ್ದಕ್ಕೂ ಒಂದು ಚರಿತ್ರೆ ಇದೆ. ಅಮೆರಿಕದ ಡೆನ್‌ಹಾಮ್ ಹಾರ್ಮನ್ 1956ರಲ್ಲಿ, ಮುಪ್ಪಿಗೆ ಫ್ರೀ ರ‍್ಯಾಡಿಕಲ್‌ಗಳೇ ಕಾರಣವೆಂಬ ಸಿದ್ಧಾಂತ ಮುಂದಿಟ್ಟರು. ಎರಡು ನೊಬೆಲ್ ಪಡೆದಿದ್ದ ಲೈನಸ್ ಪೌಲಿಂಗ್ 1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿಯ ಕುರಿತು ಪುಸ್ತಕ ಬರೆದ ಮೇಲೆ ವಿಟಮಿನ್ ಮಾತ್ರೆಗಳ ಮಾರಾಟ ಏರಿತು. ತರಕಾರಿ, ಹಣ್ಣು ಹೆಚ್ಚು ತಿನ್ನುವವರಿಗೆ ಹೃದ್ರೋಗ, ಕ್ಯಾನ್ಸರ್ ಕಡಿಮೆ ಎಂದು ಸಮೀಕ್ಷೆಗಳು ತೋರಿಸಿದ್ದವು. ತರಕಾರಿಯಲ್ಲಿ ಉತ್ಕರ್ಷಣ ನಿರೋಧಕಗಳಿವೆ, ಅವನ್ನೇ ಮಾತ್ರೆ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕು ಎಂಬ ಊಹೆ ಸಹಜವಾಗಿಯೇ ಬಂತು. ಅದನ್ನು ಪರೀಕ್ಷೆಗೆ ಒಡ್ಡಿದಾಗ ಬಂದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಸಿತು.

ಫಿನ್‌ಲೆಂಡಿನಲ್ಲಿ ಧೂಮಪಾನಿಗಳಾದ 29,133 ಗಂಡಸರ ಮೇಲೆ ನಡೆದ ಪರೀಕ್ಷೆಯ ವರದಿ 1994ರಲ್ಲಿ ಹೊರಬಂತು. ಬೀಟಾ ಕ್ಯಾರೊಟಿನ್ ಎಂಬ ಉತ್ಕರ್ಷಣ ನಿರೋಧಕದ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರಿನ ಕೆಲಸದವರಿಗೂ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡುತ್ತಿದ್ದ ಇನ್ನೊಂದು ಪರೀಕ್ಷೆಯನ್ನು ಅದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಅವರು ಧೂಮಪಾನಿಗಳಲ್ಲವೆ ಎಂದು ಕೇಳಬಹುದು. ಆರೋಗ್ಯವಂತರಾಗಿದ್ದ 35,533 ಗಂಡಸರು ಪಾಲ್ಗೊಂಡ ಮತ್ತೊಂದು ಪರೀಕ್ಷೆಯಲ್ಲಿ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ಪಡೆದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಬಂದದ್ದು 2011ರಲ್ಲಿ ತಿಳಿಯಿತು. ಇಂಥ 78 ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2012ರ ಕಾಕ್ರೇನ್ ವಿಮರ್ಶೆಯಲ್ಲಿ 2,96,707 ಜನರ ಲೆಕ್ಕವಿದೆ, ಅವರಲ್ಲಿ ಸುಮಾರು 2,15,900 ಜನ ಆರೋಗ್ಯವಂತರು. ಮಾತ್ರೆಯಿಂದ ಆಯುಷ್ಯ ಹೆಚ್ಚಿದ ಸುಳಿವೇ ಅಲ್ಲಿ ಸಿಗಲಿಲ್ಲ. ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಸಾವಿನ ಪ್ರಮಾಣವನ್ನು ತುಸು ಏರಿಸುವಂತೆ ಕಂಡಿತು.

ಹೀಗೇಕಾಯಿತು ಎಂಬುದಕ್ಕೆ ಒಂದು ಸುಳಿವು ಜರ್ಮನಿಯ ಮೈಕೆಲ್ ರಿಸ್ಟೊ ತಂಡದ 2009ರ ವರದಿಯಲ್ಲಿದೆ. ಸುಮಾರು 40 ಆರೋಗ್ಯವಂತ ಯುವಕರು ನಾಲ್ಕು ವಾರ ವ್ಯಾಯಾಮ ಮಾಡಿದರು. ಅರ್ಧದಷ್ಟು ಜನರಿಗೆ ದಿನವೂ 1,000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಡಲಾಯಿತು. ಮಾತ್ರೆಯಿಲ್ಲದೆ ಬೆವರು ಸುರಿಸಿದವರ ದೇಹ ಇನ್ಸುಲಿನ್‌ಗೆ ಹೆಚ್ಚು ಚೆನ್ನಾಗಿ ಸ್ಪಂದಿಸತೊಡಗಿತು. ಮಾತ್ರೆ ತಿಂದವರಲ್ಲಿ ಆ ಲಾಭ ಕಾಣಲಿಲ್ಲ. ವ್ಯಾಯಾಮದಲ್ಲಿ ಹುಟ್ಟುವ ಕಣಗಳು ಕೊಡಬೇಕಿದ್ದ ಸಂದೇಶವನ್ನು ಮಾತ್ರೆ ಒರೆಸಿಹಾಕಿತ್ತು. ಎಲ್ಲ ಪ್ರಯೋಗಗಳಲ್ಲೂ ಇಷ್ಟು ಸ್ಪಷ್ಟವಾಗಿ ಕಾಣದಿದ್ದರೂ, ಈ ಕ್ಷೇತ್ರದ ಆಲೋಚನೆಯ ದಿಕ್ಕನ್ನೇ ಬದಲಿಸಿದ ಕೆಲಸ ಇದು.

ವಿಟಮಿನ್‌ಗಳ ಮೇಲಿನ ಭರವಸೆ ಕುಂದಿದ ಕಾಲಕ್ಕೇ ಮಾರುಕಟ್ಟೆ ಮೂಲಿಕೆಗಳ ಕಡೆ ಹೊರಳಿತು. ಕನ್ನಡ ನಾಡಿಗೆ ಈ ಮೂಲಿಕೆಗಳು ಹೊರಗಿನವಲ್ಲ. ತರೀಕೆರೆ ತಾಲ್ಲೂಕಿನ ಅಮೃತಾಪುರವನ್ನೇ ತೆಗೆದುಕೊಂಡರೆ, ಊರಿನ ಸುತ್ತ ತೆಂಗು, ಅಡಿಕೆಯ ತೋಟಗಳಿವೆ. ಪಶ್ಚಿಮಕ್ಕೆ ಭದ್ರಾ ಕಾಡು. ಅದೇ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅರಣ್ಯದಲ್ಲಿ ಔಷಧಿ ಸಸ್ಯಗಳಿಗಾಗಿಯೇ ಕಾಯ್ದಿಟ್ಟ ಪ್ರದೇಶವಿದೆ. ಅದರಾಚೆಗೆ ಬಾಬಾಬುಡನ್‌ಗಿರಿಯ ಕಾಫಿ. ಈ ಸೀಮೆಯ ಬೇಲಿಗಳಿಗೆ ಹಬ್ಬುವ ಅಮೃತಬಳ್ಳಿ, ತೋಟದ ತೇವದಲ್ಲಿ ಹರಡುವ ಒಂದೆಲಗ, ಬೆಟ್ಟದ ನೆಲ್ಲಿ, ಹಿತ್ತಲಿನ ಅರಿಶಿನ ಎಲ್ಲವೂ ಮನೆಮದ್ದಿನಲ್ಲಿ, ತಂಬುಳಿಯಲ್ಲಿ, ಉಪ್ಪಿನಕಾಯಿಯಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಆಯುರ್ವೇದದ ರಸಾಯನ ಎಂಬ ಕಲ್ಪನೆಯನ್ನು ಈಗ ಆ್ಯಂಟಿಆಕ್ಸಿಡೆಂಟ್ ಎಂದು ಅನುವಾದಿಸುವ ಚಾಳಿ ಬಂದಿದೆ. ಅದು ಎರಡಕ್ಕೂ ಅನ್ಯಾಯ. ರಸಾಯನದಲ್ಲಿ ಆಹಾರ, ನಡವಳಿಕೆ, ಋತು, ತೆಗೆದುಕೊಳ್ಳುವವರ ಪ್ರಕೃತಿ ಎಲ್ಲವೂ ಸೇರುತ್ತವೆ. ಎಲೆಕ್ಟ್ರಾನ್ ಬಿಟ್ಟುಕೊಡುವ ಒಂದು ರಾಸಾಯನಿಕ ಗುಣದೊಳಗೆ ಅದನ್ನು ತುರುಕಲಾಗದು.

ಗಿಡಗಳಲ್ಲಿ ಪಾಲಿಫಿನಾಲ್ ಎಂಬ ವರ್ಗದ ರಾಸಾಯನಿಕಗಳು ಹೇರಳ. ಹುಳು, ಶಿಲೀಂಧ್ರ, ಬಿಸಿಲುಗಳಿಂದ ತಮ್ಮನ್ನು ಕಾಯ್ದುಕೊಳ್ಳಲು ಗಿಡಗಳು ಅವನ್ನು ತಯಾರಿಸುತ್ತವೆ. ಪ್ರನಾಳದಲ್ಲಿ ಇವು ಫ್ರೀ ರ‍್ಯಾಡಿಕಲ್‌ಗಳನ್ನು ಸೊಗಸಾಗಿ ತಣಿಸುತ್ತವೆ. ಪ್ರನಾಳದ ಅಂಕವನ್ನೇ ದೇಹದ ಅಂಕವೆಂದು ಓದಿಕೊಂಡಲ್ಲಿ ಎಡವಟ್ಟು ಶುರುವಾಯಿತು. ಆಹಾರಗಳಿಗೆ ಇಂಥ ಅಂಕ ಕೊಟ್ಟ ಓರಾಕ್ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿತ್ತು. ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ತೋರುವುದಿಲ್ಲವೆಂದು, ಕಂಪನಿಗಳು ಅವನ್ನು ದುರುಪಯೋಗ ಮಾಡುತ್ತಿವೆಯೆಂದು ಹೇಳಿ 2012ರಲ್ಲಿ ಇಲಾಖೆಯೇ ಅದನ್ನು ಹಿಂತೆಗೆದುಕೊಂಡಿತು. ಕರುಳಿನಿಂದ ರಕ್ತಕ್ಕೆ ಸೇರುವ ಪಾಲಿಫಿನಾಲ್ ಬಹಳ ಕಡಿಮೆ. ಸೇರಿದ್ದನ್ನೂ ಯಕೃತ್ತು ಬೇಗನೆ ರೂಪ ಬದಲಿಸಿ ಹೊರಗೆ ಕಳಿಸುತ್ತದೆ. ಸೇಬು ತಿಂದ ಮೇಲೆ ರಕ್ತದ ಉತ್ಕರ್ಷಣ ನಿರೋಧಕ ಶಕ್ತಿ ಏರುವುದನ್ನು ಗಮನಿಸಿದ ಅಮೆರಿಕದ ಲೈನಸ್ ಪೌಲಿಂಗ್ ಸಂಸ್ಥೆಯ ವಿಜ್ಞಾನಿಗಳು ಕಾರಣ ಹುಡುಕಿದರು. ಸೇಬಿನ ಸಕ್ಕರೆಯಾದ ಫ್ರಕ್ಟೋಸ್ ರಕ್ತದ ಯೂರಿಕ್ ಆಮ್ಲವನ್ನು ಏರಿಸಿತ್ತು. ಏರಿಕೆಗೆ ಅದೇ ಕಾರಣವಾಗಿತ್ತು, ಸೇಬಿನ ಪಾಲಿಫಿನಾಲ್ ಅಲ್ಲ.

ಪ್ರನಾಳ ಬೇರೆ, ದೇಹ ಬೇರೆ ಎಂಬುದಕ್ಕೆ ಅಮೃತಾಪುರದ ತೋಟಗಳಲ್ಲೇ ಕಣ್ಣಿಗೆ ಹೊಡೆಯುವ ಉದಾಹರಣೆಯಿದೆ. ಅಡಿಕೆಯ ಒಗರಿಗೆ ಕಾರಣವಾದ ಟ್ಯಾನಿನ್, ಕ್ಯಾಟೆಚಿನ್‌ಗಳು ಹಸಿರು ಚಹಾದ ಪಾಲಿಫಿನಾಲ್‌ಗಳ ಹತ್ತಿರದ ಬಂಧುಗಳು. ಪ್ರನಾಳದಲ್ಲಿ ಅಡಿಕೆಯ ಸಾರ ಪ್ರಬಲ ಉತ್ಕರ್ಷಣ ನಿರೋಧಕ. ಅದೇ ಅಡಿಕೆಯನ್ನು ಸುಣ್ಣದೊಂದಿಗೆ ಅಗಿದಾಗ ಬಾಯಿಯ ರಸ ಕ್ಷಾರೀಯವಾಗುತ್ತದೆ. ಆಗ ಆ ಪಾಲಿಫಿನಾಲ್‌ಗಳು ತಾವೇ ಉತ್ಕರ್ಷಣಗೊಂಡು ಸೂಪರ್‌ಆಕ್ಸೈಡ್, ಹೈಡ್ರೊಜನ್ ಪೆರಾಕ್ಸೈಡ್‌ಗಳನ್ನು ಹೊಮ್ಮಿಸುತ್ತವೆ. ತಣಿಸಬೇಕಾದದ್ದು ಕೆರಳಿಸತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಹೊರತಂದ ತನ್ನ 85ನೆಯ ಸಂಪುಟದಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಎಲೆಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯನ್ನೇ ನಂಬಿ ಬದುಕುವ ಸೀಮೆಗೆ ಇದು ಕಹಿ ಮಾತು. ಆದರೂ ಒಂದು ರಾಸಾಯನಿಕದ ಗುಣ ಅದು ಸೇರುವ ಜಾಗ, ಪ್ರಮಾಣ, ಜೊತೆಗಿರುವ ವಸ್ತುಗಳ ಮೇಲೆ ನಿಂತಿದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ.

ಮೂಲಿಕೆ ಮಾತ್ರೆಗಳಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿರುವುದು ಅರಿಶಿನದ ಕರ್ಕ್ಯುಮಿನ್. ಅದರ ಕಥೆಯ ಒಂದು ಮುಖ್ಯ ತಿರುವು ನಡೆದದ್ದು ಬೆಂಗಳೂರಿನಲ್ಲಿ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ, ಸೇರಿದ್ದೂ ಬೇಗ ಹೊರಟುಹೋಗುತ್ತದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡವೊಂದು ಆರೋಗ್ಯವಂತ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದಾಗ ಅದು ಪತ್ತೆಯಾಗದಷ್ಟು ಅಥವಾ ತೀರಾ ಕಡಿಮೆ ಮಟ್ಟದಲ್ಲಿತ್ತು. ಜೊತೆಗೆ ಕರಿಮೆಣಸಿನ ಖಾರಾಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ದೊರೆತ ಪ್ರಮಾಣ ಶೇ 2,000ದಷ್ಟು ಹೆಚ್ಚಿತು. ಈ ವರದಿ 1998ರಲ್ಲಿ ಪ್ಲಾಂಟಾ ಮೆಡಿಕಾ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದು ಅನೇಕ ಅರಿಶಿನದ ಕ್ಯಾಪ್ಸೂಲುಗಳ ಪಟ್ಟಿಯಲ್ಲಿ ಮೆಣಸಿನ ಸಾರ ಇರುವುದಕ್ಕೆ ಮೂಲ ಈ ಕೆಲಸ.

ಶೇ 2,000 ಎಂಬ ಅಂಕಿ ಜಾಹೀರಾತಿಗೆ ಹೇಳಿ ಮಾಡಿಸಿದಂತಿದೆ. ಆದರೆ ಸೊನ್ನೆಗೆ ಹತ್ತಿರವಿದ್ದದ್ದನ್ನು ಇಪ್ಪತ್ತು ಪಟ್ಟು ಮಾಡಿದರೂ ಸಿಗುವುದು ಚಿಕ್ಕ ಮೊತ್ತವೇ. ಪೈಪರಿನ್ ಈ ಕೆಲಸ ಸಾಧಿಸುವ ಬಗೆಯನ್ನೂ ಗಮನಿಸಬೇಕು. ಪರವಸ್ತುಗಳನ್ನು ಹೊರಹಾಕಲು ಕರುಳು, ಯಕೃತ್ತುಗಳು ನಡೆಸುವ ಕ್ರಿಯೆಗೆ ಅದು ಅಡ್ಡಿಯಾಗುತ್ತದೆ. ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನಲಾಲ್ ಮೊದಲಾದ ಔಷಧಿಗಳೂ ಅದರಿಂದ ರಕ್ತದಲ್ಲಿ ಹೆಚ್ಚು ಉಳಿಯಬಹುದು. ಸಾರಿಗೆ ಹಾಕಿದ ಮೆಣಸಿಗೆ ಈ ಹೆದರಿಕೆ ಬೇಡ, ದಿನದಿನವೂ ತಿನ್ನುವ ಸಾರೀಕೃತ ಮಾತ್ರೆಗೆ ಬೇಕು.

ಪ್ರಮಾಣದ ಲೆಕ್ಕ ಹಾಕಿದರೆ ಅಡುಗೆಗೂ ಕ್ಯಾಪ್ಸೂಲಿಗೂ ಇರುವ ದೂರ ತಿಳಿಯುತ್ತದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಶೇ 95ರಷ್ಟು ಕರ್ಕ್ಯುಮಿನ್‌ವರ್ಗದ ವಸ್ತುಗಳಿರುವ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲು ಹದಿನೈದು ಗ್ರಾಂಗೂ ಹೆಚ್ಚು ಅರಿಶಿನಕ್ಕೆ ಸಮ. ಒಂದು ಹೊತ್ತಿನ ಹುಳಿಗೆ ಯಾರೂ ಅಷ್ಟು ಅರಿಶಿನ ಹಾಕುವುದಿಲ್ಲ. ಅಜ್ಜಿಯ ಕಾಲದಿಂದ ತಿಂದದ್ದೇ ತಾನೆ ಎಂಬ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು, ಅಜ್ಜಿ ತಿಂದದ್ದು ಬೇರೆಯೇ ವಸ್ತು. ಅಮೆರಿಕದಲ್ಲಿ ಔಷಧಿಗಳಿಂದಾಗುವ ಯಕೃತ್ತಿನ ಹಾನಿಯನ್ನು ದಾಖಲಿಸುವ ಜಾಲವು 2022ರಲ್ಲಿ ಅರಿಶಿನದ ಮಾತ್ರೆಗೆ ಸಂಬಂಧಿಸಿದ 10 ಪ್ರಕರಣಗಳನ್ನು ವರದಿ ಮಾಡಿತು. ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ಬಗೆಯ ಜೀನ್ ಕಂಡುಬಂತು. ಲಕ್ಷಾಂತರ ಜನ ತಿನ್ನುವ ಮಾತ್ರೆಗೆ ಹತ್ತು ಪ್ರಕರಣ ಅಪರೂಪವೇ ಸರಿ. ಲಾಭ ಖಚಿತವಿದ್ದರೆ ಅಪರೂಪದ ಅಪಾಯವನ್ನು ಒಪ್ಪಬಹುದಿತ್ತು. ಕರ್ಕ್ಯುಮಿನ್‌ನ 120ಕ್ಕೂ ಹೆಚ್ಚು ಮಾನವ ಪರೀಕ್ಷೆಗಳನ್ನು ಎದುರಿಗಿಟ್ಟುಕೊಂಡು 2017ರಲ್ಲಿ ಪ್ರಕಟವಾದ ಔಷಧ ರಸಾಯನ ವಿಮರ್ಶೆಯೊಂದು, ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳಲ್ಲಿ ಅದು ಯಶಸ್ವಿಯಾದ ಉದಾಹರಣೆಯೇ ಇಲ್ಲ ಎಂಬ ತೀರ್ಮಾನಕ್ಕೆ ಬಂತು.

ಉತ್ಕರ್ಷಣ ಒತ್ತಡವನ್ನೇ ಗುರಿಯಾಗಿಸಿ, ಆರೋಗ್ಯವಂತರ ಮೇಲೇ ಪರೀಕ್ಷೆಗೊಂಡ ಮಾತ್ರೆ ಅಮೆರಿಕದ ಪ್ರೊಟ್ಯಾಂಡಿಮ್. ಅದರ ಐದು ಮೂಲಿಕೆಗಳಲ್ಲಿ ಅರಿಶಿನ, ಅಶ್ವಗಂಧ, ನೀರುಬ್ರಾಹ್ಮಿ ಮೂರೂ ಭಾರತಕ್ಕೆ ಪರಿಚಿತವಾದವು. ಉಳಿದೆರಡು ಹಸಿರು ಚಹಾ ಮತ್ತು ಯೂರೋಪಿನ ಮಿಲ್ಕ್ ಥಿಸಲ್. ಇದರ ಹಿಂದಿನ ವಾದ ಜಾಣತನದ್ದು. ಕಣಗಳನ್ನು ನೇರವಾಗಿ ತಣಿಸುವ ಬದಲು, ಮೂಲಿಕೆಗಳ ಸಣ್ಣ ಚುಚ್ಚಿನಿಂದ ದೇಹದ ಸ್ವಂತ ಕಿಣ್ವಗಳನ್ನು ಎಬ್ಬಿಸುವುದು ಅದರ ಗುರಿ. ಸೂಪರ್‌ಆಕ್ಸೈಡ್ ಡಿಸ್ಮುಟೇಸ್ ಕಂಡುಹಿಡಿದವರಲ್ಲಿ ಒಬ್ಬರಾದ ಜೋ ಮೆಕಾರ್ಡ್ ಸ್ವತಃ ಈ ಮಾತ್ರೆಯ ಸಂಶೋಧನೆಯಲ್ಲಿದ್ದರು. 29 ಆರೋಗ್ಯವಂತರ ಮೇಲೆ ನಡೆದ 2006ರ ಅಧ್ಯಯನದಲ್ಲಿ, 30 ದಿನಗಳಲ್ಲಿ ರಕ್ತದ ಕಮಟಿನ ಗುರುತು ಸರಾಸರಿ ಶೇ 40 ಇಳಿಯಿತೆಂಬ ಫಲಿತಾಂಶ ಬಂತು. ಅಲ್ಲಿ ಹೋಲಿಕೆಗೆ ಹುಸಿಮಾತ್ರೆಯ ಗುಂಪಿರಲಿಲ್ಲ. ಹತ್ತು ವರ್ಷಗಳ ಬಳಿಕ, 2016ರಲ್ಲಿ, 38 ಓಟಗಾರರಲ್ಲಿ ಕೆಲವರಿಗೆ ಅಸಲಿ, ಕೆಲವರಿಗೆ ಹುಸಿಮಾತ್ರೆ ಕೊಟ್ಟು 90 ದಿನ ನೋಡಿದಾಗ ಆ ಗುರುತಿನಲ್ಲಿ ವ್ಯತ್ಯಾಸ ಕಾಣಲಿಲ್ಲ, 5 ಕಿಲೋಮೀಟರ್ ಓಟದ ವೇಗವೂ ಬದಲಾಗಲಿಲ್ಲ. 35 ದಾಟಿದವರಲ್ಲಿ ಒಂದು ಕಿಣ್ವ ಏರಿದ್ದೊಂದೇ ಅಪವಾದ. ಮೂಲಿಕೆಯ ಸಣ್ಣ ಪರೀಕ್ಷೆಗಳ ಪಾಡು ಬಹುತೇಕ ಇದೇ. ಹೋಲಿಕೆಯ ಗುಂಪಿಲ್ಲದಾಗ ಹೊಳೆಯುವ ಫಲಿತಾಂಶ, ಗುಂಪು ಬಂದೊಡನೆ ಮಂಕಾಗುತ್ತದೆ.

ದೊಡ್ಡ ಪರೀಕ್ಷೆಗಳು ಕೆಲವೇ. ಗಿಂಕ್ಗೊ ಎಲೆಯ ಸಾರವನ್ನು 3,069 ವೃದ್ಧರಿಗೆ ಸರಾಸರಿ ಆರು ವರ್ಷ ಕೊಟ್ಟರೂ ಮರೆಗುಳಿ ಕಾಯಿಲೆ ಕಡಿಮೆಯಾಗಲಿಲ್ಲವೆಂದು 2008ರಲ್ಲಿ ತಿಳಿಯಿತು. ಅಮೆರಿಕದ ಮಿನೆಸೋಟದಲ್ಲಿ ಮುಟ್ಟು ನಿಂತ 1,075 ಆರೋಗ್ಯವಂತ ಮಹಿಳೆಯರು ಪಾಲ್ಗೊಂಡ ಹಸಿರು ಚಹಾ ಸಾರದ ಪರೀಕ್ಷೆ ಇನ್ನೂ ಹೆಚ್ಚು ಕಲಿಸಿತು. ಒಂದು ವರ್ಷದ ಅವಧಿಯಲ್ಲಿ ಸಾರ ಪಡೆದವರಲ್ಲಿ ಶೇ 6.7 ಮಂದಿಗೆ ಯಕೃತ್ತಿನ ಕಿಣ್ವ ಏರಿತು. ಹುಸಿಮಾತ್ರೆಯ ಗುಂಪಿನಲ್ಲಿ ಅದು ಶೇ 0.7. ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ, ಮಾತ್ರೆಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಹಸಿರು ಚಹಾದ ಮುಖ್ಯ ಕ್ಯಾಟೆಚಿನ್ ತೆಗೆದುಕೊಳ್ಳುವುದು ಯಕೃತ್ತಿಗೆ ಆತಂಕದ ಸಂಗತಿ ಎಂದಿತು. ಕುಡಿಯುವ ಚಹಾಕ್ಕೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ.

ಕಾಫಿಯ ಪ್ರಕರಣ ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು. ಹುರಿಯದ ಕಾಫಿ ಬೀಜದಲ್ಲಿ ಕ್ಲೊರೊಜೆನಿಕ್ ಆಮ್ಲ ಎಂಬ ಪಾಲಿಫಿನಾಲ್ ಹೇರಳವಾಗಿದೆ. ಅದರ ಸಾರ ತಿಂದರೆ ತೂಕ ಇಳಿಯುತ್ತದೆಂಬ ಪ್ರಚಾರ ಅಮೆರಿಕದ ಟಿವಿಯಲ್ಲಿ ಭರಾಟೆಯಿಂದ ನಡೆದದ್ದು 2012ರಲ್ಲಿ. ಆಧಾರವಾಗಿದ್ದುದು ಬೆಂಗಳೂರಿನಲ್ಲಿ ಕೇವಲ 16 ಜನರ ಮೇಲೆ ನಡೆದ ಪರೀಕ್ಷೆ. ತೂಕದ ಅಂಕಿಗಳನ್ನು ಮತ್ತೆ ಮತ್ತೆ ತಿದ್ದಲಾಗಿದೆ, ಯಾರಿಗೆ ಅಸಲಿ, ಯಾರಿಗೆ ಹುಸಿ ಎಂಬುದನ್ನೂ ತಪ್ಪಾಗಿ ಹೇಳಲಾಗಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ ದೂರಿತು. ಪರೀಕ್ಷೆಗೆ ಹಣ ಕೊಟ್ಟ ಕಂಪನಿ 2014ರಲ್ಲಿ 35 ಲಕ್ಷ ಡಾಲರ್ ತೆತ್ತು ರಾಜಿಯಾಯಿತು. ಅದೇ ವರ್ಷ ಪ್ರಬಂಧವನ್ನೂ ಹಿಂತೆಗೆದುಕೊಳ್ಳಲಾಯಿತು. ಬಾಬಾಬುಡನ್‌ಗಿರಿಯ ಬೆಳೆಗಾರನ ಶ್ರಮಕ್ಕೂ ಈ ಮೋಸಕ್ಕೂ ಸಂಬಂಧವಿಲ್ಲ. ಮಿತವಾಗಿ ಕುಡಿಯುವ ಕಾಫಿಗೆ ಸಮೀಕ್ಷೆಗಳಲ್ಲಿ ಒಳ್ಳೆಯ ಹೆಸರೇ ಇದೆ.

ಅಮೃತಬಳ್ಳಿಯ ಸರದಿ ಕೋವಿಡ್ ಕಾಲದಲ್ಲಿ ಬಂತು. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಲಕ್ಷಾಂತರ ಮನೆಗಳಲ್ಲಿ ಅದರ ಕಷಾಯ, ರಸ, ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಿದರು. ಮುಂಬಯಿಯ ವೈದ್ಯರು 2021ರಲ್ಲಿ, ಅದನ್ನು ಸೇವಿಸಿ ಯಕೃತ್ತಿನ ಉರಿಯೂತಕ್ಕೆ ಗುರಿಯಾದ ಆರು ಮಂದಿಯ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಕೇಂದ್ರಗಳ 43 ರೋಗಿಗಳ ವರದಿ ಹೊರಬಂತು. ದೇಹದ ರಕ್ಷಣಾ ಪಡೆ ತನ್ನದೇ ಯಕೃತ್ತಿನ ಮೇಲೆ ಎರಗುವ ಬಗೆಯ ಹಾನಿ ಹಲವರಲ್ಲಿ ಕಂಡಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ನಿಜವಾದ ಅಮೃತಬಳ್ಳಿ ಸುರಕ್ಷಿತ, ಅದರಂತೆಯೇ ಕಾಣುವ ಟೈನೊಸ್ಪೊರ ಕ್ರಿಸ್ಪ ಎಂಬ ಬೇರೆ ಬಳ್ಳಿಯಿಂದ ಹಾನಿಯಾಗಿರಬಹುದು ಎಂದು ಅದು ವಾದಿಸಿತು. ಎರಡರಲ್ಲಿ ಯಾವುದು ಸರಿಯಾದರೂ ತಿನ್ನುವವರ ಮಟ್ಟಿಗೆ ಪರಿಣಾಮ ಒಂದೇ. ಪುಡಿಯಾಗಿ ಡಬ್ಬಿ ಸೇರಿದ ಬಳ್ಳಿ ಯಾವುದೆಂದು ಕಣ್ಣಿನಿಂದ ಹೇಳಲು ಬರುವುದಿಲ್ಲ. ಹೆಸರಿನ ಗೊಂದಲವೂ ಸಣ್ಣದಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಬ್ರಾಹ್ಮಿ ಎಂದರೆ ಒಂದೆಲಗ, ಮಾತ್ರೆ ಕಂಪನಿಯ ಬ್ರಾಹ್ಮಿ ಹೆಚ್ಚಾಗಿ ನೀರುಬ್ರಾಹ್ಮಿ. ಇವು ಎರಡು ಬೇರೆ ಗಿಡಗಳು, ಒಳಗಿನ ರಾಸಾಯನಿಕಗಳೂ ಬೇರೆ.

ಇಂಥ ಮಾತ್ರೆಗಳು ಭಾರತದಲ್ಲಿ ಎರಡು ಬಾಗಿಲುಗಳಿಂದ ಅಂಗಡಿಗೆ ಬರುತ್ತವೆ. ಒಂದು, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಆಯುರ್ವೇದ ಔಷಧಿಯಾಗಿ. ಇನ್ನೊಂದು, ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳಡಿ ನ್ಯೂಟ್ರಾಸ್ಯುಟಿಕಲ್ ಆಗಿ. ಎರಡನೆಯದರ ಡಬ್ಬಿಯ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆಯೂ, ಇದು ಔಷಧಿಯ ಬಳಕೆಗಲ್ಲ ಎಂಬ ಒಕ್ಕಣೆಯೂ ಇರಲೇಬೇಕು. ಎರಡೂ ದಾರಿಯಲ್ಲಿ, ಹೊಸ ಅಲೋಪಥಿ ಔಷಧಿಗೆ ಬೇಕಾಗುವಂಥ ದೊಡ್ಡ ಮಾನವ ಪರೀಕ್ಷೆ ಕಡ್ಡಾಯವಲ್ಲ. ಪರವಾನಗಿ ಇದೆ ಎಂಬುದು ಗುಣ ಸಾಬೀತಾಗಿದೆ ಎಂಬುದಕ್ಕೆ ಸಾಕ್ಷಿಯಾಗದು.

ಹಾಗಾದರೆ ಆರೋಗ್ಯವಂತರು ಮಾಡಬೇಕಾದ್ದೇನು ಎಂಬುದಕ್ಕೆ ಉತ್ತರ ಸರಳ. ಉತ್ಕರ್ಷಣ ಒತ್ತಡವನ್ನು ನಿಜಕ್ಕೂ ಏರಿಸುವವು ಬೀಡಿ ಸಿಗರೇಟಿನ ಹೊಗೆ, ಅತಿಯಾದ ಮದ್ಯ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕಲುಷಿತ ಗಾಳಿ. ಇವುಗಳಲ್ಲಿ ಒಂದನ್ನು ಬಿಟ್ಟರೂ, ತಡೆದರೂ ಆಗುವ ಲಾಭದ ಮುಂದೆ ಯಾವ ಮಾತ್ರೆಯೂ ನಿಲ್ಲದು. ರಾಷ್ಟ್ರೀಯ ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಹೇಳುತ್ತದೆ. ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿ 80 ಮಿಲಿಗ್ರಾಂ. ಒಂದು ಸೀಬೆಹಣ್ಣು ಅದನ್ನು ಆರಾಮವಾಗಿ ಪೂರೈಸುತ್ತದೆ. ಕಾಳುಗಳನ್ನು ಬೆಳ್ಳುಳ್ಳಿ, ಈರುಳ್ಳಿಯೊಡನೆ ಬೇಯಿಸಿದರೆ ಅವುಗಳ ಕಬ್ಬಿಣ, ಸತುವು ಹೀರಲು ಹೆಚ್ಚು ದೊರೆಯುತ್ತವೆಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ ತೋರಿಸಿದೆ. ಒಂದೆಲಗದ ತಂಬುಳಿ, ನೆಲ್ಲಿಕಾಯಿ ಚಟ್ನಿ, ಮೆಣಸು ಅರಿಶಿನ ಬಿದ್ದ ಸಾರು ಮುಂದೆಯೂ ಊಟದ ಎಲೆಯ ಮೇಲೆ ಇರಲಿ. ಅವು ಆಹಾರ, ಆಹಾರದ ಪ್ರಮಾಣದಲ್ಲಿ ಒಳ್ಳೆಯವು.

ಈಗಾಗಲೇ ಇಂಥ ಮಾತ್ರೆ ತಿನ್ನುತ್ತಿರುವವರು, ಅದರಲ್ಲೂ ಬಿಪಿ, ಸಕ್ಕರೆ, ಮೂರ್ಛೆ, ರಕ್ತ ತೆಳುವಾಗಿಸುವ ಔಷಧಿಗಳ ಮೇಲಿರುವವರು, ಬಸುರಿಯರು, ಬಾಣಂತಿಯರು ಆ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಮುಂಚೆಯಂತೂ ಹೇಳಲೇಬೇಕು. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಾರಣವಿಲ್ಲದೆ ಹಸಿವು ಸತ್ತು ತುರಿಕೆ, ಸುಸ್ತು ಕಾಣಿಸಿದರೆ ಮಾತ್ರೆಯನ್ನು ಆ ದಿನವೇ ನಿಲ್ಲಿಸಿ, ಖಾಲಿಯಾಗಿದ್ದರೂ ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಬೇಕು.